ಹುಕ್ಕಿಗೆ ಹಚ್ಚಿದ ಎಣ್ಣೆ

ಸಿದ್ದಕ್ಕನ ಬಾಯಿಗೆ ಅಡ್ಡ ಬಂದದ್ದು ಪ್ರಮಿಳಾಳ ಕೈ. ಬೆಳಗಾವಿಯ ಕ್ಯಾಂಪ್ ಭಾಗದ ಹಳೆಯ ಕ್ರೈಸ್ತ ಸ್ಮಶಾನದಲ್ಲಿ ಮಗನ ಶವಪೆಟ್ಟಿಗೆಯನ್ನು ಕುಣಿಗೆ ಇಳಿಸುತ್ತಿದ್ದರು. ಪೆಟ್ಟಿಗೆಯನ್ನು ಮುಚ್ಚಿಯೇ ತಂದಿದ್ದರು. ಮುಖ ನೋಡುತ್ತೇನೆ ಅಂದರೆ, ನೋಡುವಂಥದ್ದು ಏನೂ ಉಳಿದಿಲ್ಲವ್ವಾ ಅಂದಿದ್ದರು. ಹಗ್ಗ ಸಡಿಲಿ ಪೆಟ್ಟಿಗೆ ನೆಲ ಮುಟ್ಟಿದ ಸದ್ದು ಕೇಳಿದಾಗ ಸಿದ್ದಕ್ಕ ತಲೆ ಹಿಂದಕ್ಕೆ ಚೆಲ್ಲಿ, ತನ್ನ ಅವ್ವನೂ ಅವ್ವನ ಅವ್ವನೂ ಹೆಣದ ಮುಂದೆ ತೆಗೆಯುತ್ತಿದ್ದ ಆ ಉದ್ದನೆಯ ರಾಗದ ಮೊದಲ ಎಳೆ ತೆಗೆದಳು. ಅಷ್ಟೇ. ಪಾಸ್ಟರನ ಹೆಂಡತಿ ಪ್ರಮಿಳಾ ಹಿಂದಿನಿಂದ ಬಂದು ಅವಳನ್ನು ಅಪ್ಪಿಕೊಂಡಳು. ಅಪ್ಪಿಕೊಂಡ ಕೈಯಿಂದಲೇ ಬಾಯಿ ಮುಚ್ಚಿದಳು.

“ಹಾಡ್ಯಾಡಿ ಅಳಬ್ಯಾಡ ಅಕ್ಕಾ. ನಂಬಿದವರು ಹಂಗ ಅಳೂದಿಲ್ಲ.”

ಸಿದ್ದಕ್ಕನ ಜನರಲ್ಲಿ ಸಾವಿನ ಮನೆಯ ಅಳು ಬರೀ ಕಣ್ಣೀರಲ್ಲ. ಕುರಿಯ ಹಿಂದೆ ಊರೂರು ಅಲೆದ ಆ ಹೆಂಗಸರಿಗೆ ಪಂಚರ ಕಟ್ಟೆಯ ಮೇಲೆ ಮಾತಾಡುವ ಹಕ್ಕು ಇರಲಿಲ್ಲ. ಹೆಣದ ಮುಂದೆ ಇತ್ತು. ಹಾಡಿಕೊಂಡು ಅಳುವವಳು ಸತ್ತವನ ಗುಣ ಹೇಳುತ್ತಾಳೆ, ಅವನ ಬಾಯಿಗೆ ಅನ್ನ ಇಟ್ಟವರು ಯಾರು, ಕಸಿದವರು ಯಾರು ಎಂಬುದನ್ನೂ ಹೇಳುತ್ತಾಳೆ. ಗೌಡನಿರಲಿ, ಗಂಡನಿರಲಿ, ಹೆಸರು ಹಿಡಿದು ಬೈಯುತ್ತಾಳೆ. ದೇವರನ್ನೂ ಬಿಡುವುದಿಲ್ಲ. ಅವಳು ತಾನಾಗಿ ನಿಲ್ಲಿಸುವ ತನಕ ಯಾರೂ ಎದ್ದು ಹೋಗುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ. ಬಡವರ ಮನೆಯ ಹೆಣ್ಣಿಗೆ ಲೋಕ ಬಿಟ್ಟುಕೊಟ್ಟ ಒಂದೇ ಒಂದು ನ್ಯಾಯಾಲಯ ಅದು. ಪ್ರಮಿಳಾ ಅದನ್ನು ಪ್ರೀತಿಯಿಂದಲೇ ಕಸಿದುಕೊಂಡಳು. ಪ್ರೀತಿಯಿಂದ ಕಸಿದದ್ದನ್ನು ಜಗಳವಾಡಿ ಮರಳಿ ಪಡೆಯುವುದು ಹೇಗೆ? ರಾಗ ಎದೆಯಲ್ಲೇ ಕೂತಿತು. ಖಾನಾಪುರದ ಮನೆಗೆ ಬಂದ ಮೇಲೂ ಅನ್ನದ ತುತ್ತು ಅದಕ್ಕೆ ತಾಗಿ ಹಿಂದಕ್ಕೆ ಬರುತ್ತಿತ್ತು.

ಮಗ ಭೀಮಶಿ ಬೆಳಗಾವಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ದುಡಿಯುತ್ತಿದ್ದ. ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆ ಕಣ್ಣು ಹಲ್ಲು ಬಿಟ್ಟು ಉಳಿದದ್ದೆಲ್ಲ ಕರಿ ಮಾಡಿಕೊಂಡು ಬರುವವ. ಕಾದ ಕಬ್ಬಿಣದ ರಸ ತುಂಬಿದ ದೊಡ್ಡ ಕೊಳಗ ಕ್ರೇನಿನಿಂದ ಕಳಚಿ ಅವನ ಮೇಲೆ ಬಿತ್ತು. ಆಕಸ್ಮಿಕ ಎಂದರು. ಫೌಂಡ್ರಿಯ ಮಾಲಕ ರೋಹನ ಕ್ಯಾಂಪಿನ ಬಂಗಲೆಯವನು, ಕ್ರೈಸ್ತ ಸಭೆಯ ಹಿರಿಯ, ತಂದೆಯ ಕಾಲದಿಂದಲೂ ಪ್ರಾರ್ಥನೆಯ ಮನೆತನ. ಖಾನಾಪುರದ ಪ್ರಾರ್ಥನಾ ಮಂದಿರದ ಮಾಡಿಗೆ ತಗಡು ಹೊದಿಸಿದವನು ಅವನೇ. ಸ್ಮಶಾನದಲ್ಲಿ ಜಾಗ ಕೊಡಿಸಿದವನೂ ಅವನೇ. ಹೀಗಾಗಿ ಎಲ್ಲರೂ ಅವನಿಗೆ ಕೈ ಮುಗಿಯುತ್ತಿದ್ದರು, ಸಿದ್ದಕ್ಕನೂ ಮುಗಿದಿದ್ದಳು.

ಒಂದು ಮಧ್ಯಾಹ್ನ ಪಾಸ್ಟರ ಭರಮಣ್ಣ ಬಂದು ಅವಳ ಪಡಸಾಲೆಯ ಚಾಪೆಯ ಮೇಲೆ ಕೂತ. ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡ.

“ಐತವಾರ ಭೀಮಶಿ ಸಲುವಾಗಿ ಸ್ತೋತ್ರ ಕೂಟ ಇಟ್ಟೀವಿ ಅಕ್ಕಾ. ನೀ ಎದ್ದು ನಿಂತು ಎರಡ ಮಾತಿನ ಸಾಕ್ಷಿ ಹೇಳಬೇಕು.”

“ಏನಂತ?”

“ದುಃಖದಾಗೂ ದೇವರು ಸಮಾಧಾನ ಕೊಟ್ಟಾನ ಅಂತ. ಯಾರ ಮ್ಯಾಲೂ ಸಿಟ್ಟಿಲ್ಲ, ಎಲ್ಲಾರನೂ ಕ್ಷಮಿಸೀನಿ ಅಂತ.”

“ಕೊಟ್ಟಾನೇನು ಸಮಾಧಾನ?”

ಭರಮಣ್ಣ ನೆಲ ನೋಡಿದ. “ಬಾಯಿಲೆ ಹೇಳಿದ್ರ ಮನಸಿನಾಗ ಇಳೀತೈತಿ ಅಕ್ಕಾ. ರೋಹನ ಸಾವಕಾರ್ರೂ ಬರ್ತಾರ. ಮೊಬೈಲಿನಾಗ ವಿಡಿಯೋ ತಕ್ಕೋತಾರ.”

“ಯಾಕ?”

“ವಕೀಲರು ಹೇಳ್ಯಾರಂತ. ಪೊಲೀಸರಿಗೆ ತೋರಿಸಾಕ ಬೇಕಂತ. ಹಡದಾಕೀದ ತಕರಾರಿಲ್ಲಂದ್ರ ಕೇಸ್ ಅಲ್ಲಿಗೇ ಮುಗೀತೈತಿ.”

ಇಲ್ಲ ಎಂದುಬಿಡುವುದು ಸುಲಭವೇ? ಗಂಡ ಕುಡಿದು ಕುಡಿದು ಸತ್ತಾಗ ಅತ್ತೆಮನೆಯವರು ಅವಳನ್ನೂ ಕಂಕುಳ ಕೂಸನ್ನೂ ಹೊರಗೆ ಹಾಕಿದ್ದರು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತ, ಭಟ್ಟಿಯ ಬಿಸಿಗೆ ಬೆನ್ನು ಕೊಟ್ಟು ಮಲಗುತ್ತಿದ್ದ ದಿನಗಳಲ್ಲಿ ಕೂಸಿಗೆ ಜ್ವರ ಏರಿತು. ಆಗ ಗಂಜಿ ತಂದವರು, ಕೂಸನ್ನು ದವಾಖಾನೆಗೆ ಹೊತ್ತವರು ಈ ಪ್ರಾರ್ಥನಾ ಮಂದಿರದ ಹೆಂಗಸರು. ಆಮೇಲೊಂದು ದಿನ ಇದೇ ಭರಮಣ್ಣನ ಬಾಯಲ್ಲಿ ಅವಳು ಕೇಳಿದಳು: ಈ ದೇವರು ಕುರುಬನಂತೆ, ತಪ್ಪಿಸಿಕೊಂಡ ಕುರಿಯನ್ನು ಹುಡುಕುತ್ತ ಕಲ್ಲು ಮುಳ್ಳು ತುಳಿಯುವವನಂತೆ. ಸಿದ್ದಕ್ಕ ನಕ್ಕುಬಿಟ್ಟಿದ್ದಳು. “ಹಂಗಂದ್ರ ನಮ್ಮಾಂವನ ಬಿಡ್ರಿ,” ಎಂದಿದ್ದಳು. ನಮ್ಮವನು ಎಂದುಕೊಂಡೇ ಬಂದಳು. ಕುಲದೇವರಾದ ಬೀರಪ್ಪನ ಭಂಡಾರದ ಅರಿಸಿನ ಹಣೆಗೆ ಹಚ್ಚಿಕೊಳ್ಳಲಿಲ್ಲವೆಂದು ತವರಿನವರು ಬಾಗಿಲು ಹಾಕಿಕೊಂಡರು. ಈಗ ಅವಳ ಪಾಲಿಗೆ ಜನ ಎಂದರೆ ಆ ತಗಡಿನ ಕೆಳಗೆ ಕೂಡುವ ಜನ. ಅವರನ್ನೂ ಎದುರು ಹಾಕಿಕೊಂಡರೆ ಉಳಿಯುವುದು ಕ್ಯಾಂಪಿನ ಆ ಹಸಿ ಮಣ್ಣಿನ ಗುಡ್ಡೆಯೊಂದೇ.

“ನೋಡೂಣು,” ಎಂದಳು. ಭರಮಣ್ಣ ಅದನ್ನು ಒಪ್ಪಿಗೆ ಎಂದುಕೊಂಡು ಎದ್ದ.

ಬಾಜು ಮನೆಯ ಮಾಯವ್ವ ಪ್ರಾರ್ಥನೆಗೆ ಬರುವವಳಲ್ಲ. ಸಿದ್ದಕ್ಕನ ದೂರದ ಬಳಗ. ಬಳಗವೆಲ್ಲ ಬಾಗಿಲು ಹಾಕಿದರೂ ತನ್ನ ಹಿತ್ತಲ ಬಾಗಿಲು ತೆರೆದೇ ಇಟ್ಟ ಮುದುಕಿ. ಪಾಸ್ಟರ ಓಣಿ ದಾಟಿದ್ದೇ ತಡ, ರೊಟ್ಟಿ ಪುಂಡಿಪಲ್ಯ ಹಿಡಿದು ಬಂದಳು.

“ಹಡದಾಕಿ ಕಣ್ಣಾಗ ಒಂದ ಹನಿ ನೀರಿಲ್ಲ. ಓಣ್ಯಾಗ ಏನಂತಾರ ಗೊತ್ತೈತೇನ? ಸಿದ್ದಿ ಕಲ್ಲಾದ್ಲು ಅಂತಾರ.”

“ಅಳಬಾರದಂತ ಅತ್ತೀ. ನಂಬಿಕಿ ಕಡಿಮಿ ಅಂದಂಗ ಆಗ್ತೈತಂತ.”

“ನಿಮ್ಮ ದೇವರ ಕಿವಿ ಅಷ್ಟ ನಾಜೂಕೇನ? ಹೆಂಗಸರು ದನಿ ತಗದ್ರ ತಲಿನೋವು ಬರ್ತೈತೇನ ಅಂವಗ?”

ಸಿದ್ದಕ್ಕನಿಗೆ ನಗು ಬಂತು. ನಗು ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

“ನನ್ನ ಗಂಡ ಹ್ವಾದಾಗ ನಾ ಬೀರಪ್ಪನ ಗುಡಿ ಬಾಗಲದಾಗ ನಿಂತು ಅಂವನ ಹುಟ್ಟು ಜಾತಕ ಎಲ್ಲಾ ತಗದೆ,” ಎಂದಳು ಮಾಯವ್ವ. “ಏನ ಮಾಡ್ದಾ? ಕೇಳ್ಕೊಂತ ಕುಂತಾ. ಅಷ್ಟೂ ಕೇಳ್ಕೊಳ್ಳಾಕ ಆಗಲಿಲ್ಲಂದ್ರ ದೇವರ್ಯಾಕ ಆಗಬೇಕ? ತಿನ್ನ, ರೊಟ್ಟಿ ಆರ್ತಾವು.”

ರೊಟ್ಟಿ ಇಳಿಯಲಿಲ್ಲ.

ಶನಿವಾರ ಅಮರ ಬಂದ. ಭೀಮಶಿಯ ಜೊತೆ ಅದೇ ಫೌಂಡ್ರಿಯಲ್ಲಿ ದುಡಿಯುವ ಹುಡುಗ, ಎಷ್ಟೋ ಸಲ ಈ ಮನೆಯಲ್ಲಿ ಉಂಡವನು. ಇವತ್ತು ಮಾತ್ರ ಕೊಟ್ಟ ನೀರನ್ನೂ ಮುಟ್ಟದೆ ಹೊಸ್ತಿಲಲ್ಲೇ ಕೂತ.

“ಅವ್ವಾ, ನಾಳಿ ನೀವು ಕ್ಷಮಿಸೀನಿ ಅಂತ ಹೇಳ್ತೀರಂತ ಫೌಂಡ್ರಿಯಾಗ ಸುದ್ದಿ ಐತಿ. ಖರೇನ್ರಿ?”

“ಹೇಳು ಅಂತಾರಪಾ.”

“ಹೇಳೂಕಿಂತ ಮೊದಲ ನನ್ನ ಮಾತ ಒಂದ ಕೇಳ್ರಿ. ಕೊಳಗ ಬೀಳೂಕಿಂತ ಮೊದಲ ಆ ಹುಕ್ಕು ಸೀಳಿತ್ತರಿ. ಕ್ರೇನಿಗೆ ಕೊಳಗ ತೂಗ ಹಾಕೂ ಕಬ್ಬಿಣದ ಕೊಂಡಿ. ನೋಡಿದಾಂವ ನಿಮ್ಮ ಭೀಮಶಿನ. ಬೆರಳ ಇಟ್ಟ ತೋರ್ಸಿದ್ದ. ಬದಲಿ ಮಾಡಬೇಕಂದ್ರ ಕೆಲಸ ನಿಲ್ಲಿಸಬೇಕು, ಆರ್ಡರ್ ಅರ್ಜಂಟ್ ಐತಿ ಅಂದ್ರು ಸಾವಕಾರ್ರು. ಮರುದಿನ ಮುಂಜಾನೆ ಸಾವಕಾರ್ರು ಪಾಸ್ಟರನ್ನ ಕರ್ಕೊಂಡ ಬಂದ್ರು. ನಮ್ಮನ್ನೆಲ್ಲಾ ಸಾಲಾಗಿ ನಿಲ್ಲಿಸಿದ್ರು. ಹುಕ್ಕು ಕೆಳಗಿಳಿಸಿ, ಅದಕ್ಕ ಎಣ್ಣಿ ಹಚ್ಚಿ, ಕೈ ಇಟ್ಟು ಪ್ರಾರ್ಥನಾ ಮಾಡಿದ್ರು. ಇನ್ನ ಏನೂ ಆಗೂದಿಲ್ಲ, ಕೆಲಸಾ ಚಾಲೂ ಮಾಡ್ರಿ ಅಂದ್ರು.”

“ಯಾವ ಪಾಸ್ಟರ?”

“ನಿಮ್ಮ ಭರಮಣ್ಣ ಪಾಸ್ಟರ್ರ.”

ಹೊರಗೆ ಯಾರದೋ ಸ್ಕೂಟರು ಹೋಯಿತು. ಸಿದ್ದಕ್ಕ ಅವನು ಮುಟ್ಟದ ನೀರನ್ನು ತನ್ನ ಕಡೆ ಎಳೆದುಕೊಂಡಳು.

“ಭೀಮಶಿ ಏನಂದ?”

“ನಕ್ಕ ರೀ. ‘ಎಣ್ಣಿ ಹಚ್ಚಿದ್ರ ನಮ್ಮವ್ವನ ಮೊಣಕಾಲ ನೋವು ಹೋದೀತು, ಕಬ್ಬಿಣದ್ದ ಹೋಗೂದಿಲ್ಲಲೇ’ ಅಂದ. ಆದ್ರ ಕಣ್ಣ ಮುಚ್ಚಿ ಆಮೇನ್ ಅಂದ ರೀ. ಪಾಸ್ಟರ್ರ ಮುಂದ ಇಲ್ಲ ಅನ್ನೂದ ಹೆಂಗ?”

“ಈಗರ ಹೊಸಾ ಹುಕ್ಕು ಹಾಕ್ಯಾರೇನು?”

“ಎಲ್ಲೀದ್ರಿ. ಹಳೇ ಕ್ರೇನಿಂದ ಒಂದ ಬಿಚ್ಚಿ ತಂದು, ವೆಲ್ಡಿಂಗ್ ಹಚ್ಚಿ, ಮ್ಯಾಲ ಹಳದಿ ಬಣ್ಣ ಹೊಡದಾರ. ಅದರ ಕೆಳಗ ಈಗ ನಾ ನಿಂದರ್ತೀನಿ.” ಅಮರನ ದನಿ ಸಣ್ಣದಾಯಿತು. “ಹಡದಾಕೀದ ತಕರಾರಿಲ್ಲಂದ್ರ ನನ್ನ ಮಾತ ಯಾರ ಕೇಳ್ತಾರ್ರಿ? ನೀವು ಬರ್ತೀನಂದ್ರ ಸೋಮವಾರ ಬೆಳಗಾವಿ ಠಾಣೆಕ್ಕ ನಾನೂ ಬರ್ತೀನಿ. ಕಂಡದ್ದ ಹೇಳ್ತೀನಿ. ನೌಕರಿ ಹ್ವಾದ್ರ ಹೋಗ್ಲಿ.”

ಅವನು ಹೋದ ಮೇಲೆ ಸಿದ್ದಕ್ಕ ಕಂಬಕ್ಕೆ ಒರಗಿ ಕೂತಳು. ಸಿಟ್ಟು ಪಾದದಿಂದ ಏರಿತು. ಹುಕ್ಕಿನ ಜಾಗದಲ್ಲಿ ದೇವರನ್ನು ತೂಗುಹಾಕಿದ್ದರು! ಸೀಳಿದ ಕಬ್ಬಿಣಕ್ಕೆ ಅವನ ಹೆಸರನ್ನು ಬಳಿದು, ಅದರ ಕೆಳಗೆ ಅವಳ ಮಗನನ್ನು ನಿಲ್ಲಿಸಿ, ಕಣ್ಣು ಮುಚ್ಚಿಸಿ ಆಮೇನ್ ಅನ್ನಿಸಿದ್ದರು. ಈಗ ಅದೇ ಹೆಸರನ್ನು ಅವಳ ಬಾಯಿಗೆ ಬಳಿಯಲು ಬರುತ್ತಿದ್ದಾರೆ. ಗಂಜಿ ತಂದ ಕೈಗಳೇ ಇವು, ಹೌದು. ಗಂಜಿ ಕುಡಿಸಿದವರಿಗೆ ಮಗನನ್ನು ಕೊಲ್ಲುವ ಹಕ್ಕು ಬರುತ್ತದೆಯೇ? ಅವಳು ಕಣ್ಣು ಮುಚ್ಚಿ ಪ್ರಾರ್ಥಿಸಲು ನೋಡಿದಳು. ಕಲಿತ ಮಾತು ಒಂದೂ ಬರಲಿಲ್ಲ. “ಆ ದಿನ ನೀ ಇದ್ದೇನ ಅಲ್ಲಿ?” ಎಂದು ಕೇಳಿದಳು. ಉತ್ತರ ಬರಲಿಲ್ಲ. ಆದರೂ ಕೇಳುವುದನ್ನು ಬಿಡಲಿಲ್ಲ.

ಭಾನುವಾರ ಮಂದಿರ ತುಂಬಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಚಾಪೆಯ ಮೇಲೆ. ರೋಹನ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಅವನ ಕಡೆಯವನೊಬ್ಬ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸಿದ್ದಕ್ಕ ನಿಲ್ಲುವ ಜಾಗಕ್ಕೆ ಗುರಿ ಇಟ್ಟಿದ್ದ. ಢೋಲಕ್ಕಿನ ಜೊತೆ ಹಾಡು ಮುಗಿಯಿತು. ರೋಹನ ಎದ್ದು ಎರಡು ಮಾತಾಡಿದ. ದೇವರ ಚಿತ್ತ ನಮ್ಮ ಬುದ್ಧಿಗೆ ಮೀರಿದ್ದು ಎಂದ, ಭೀಮಶಿ ಈಗ ಬಹಳ ಸುಖದ ಜಾಗದಲ್ಲಿದ್ದಾನೆ ಎಂದ. ಅವನ ಕಣ್ಣುಗಳು ಒದ್ದೆಯಾಗಿದ್ದವು, ಅದೇನು ಸುಳ್ಳಲ್ಲ. ಕೊಂದವರಿಗೂ ಕಣ್ಣೀರು ಬರುತ್ತದೆ.

“ಬಾ ಅಕ್ಕಾ,” ಎಂದ ಭರಮಣ್ಣ.

ಸಿದ್ದಕ್ಕ ಎದ್ದು ಹೋಗಿ ಆ ಜಾಗದಲ್ಲಿ ನಿಂತಳು. ನಿಂತವಳು ಹಾಗೇ ಕುಸಿದು ನೆಲಕ್ಕೆ ಕೂತಳು. ಸೆರಗು ತೆಗೆದು ನೆಲಕ್ಕೆ ಹಾಸಿದಳು. ಹೆಂಗಸರ ಕಡೆ ಗುಸುಗುಸು ಎದ್ದಿತು; ಅಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು, ಸೆರಗು ಹಾಸಿದ ಹೆಣ್ಣು ಏನು ಮಾಡುತ್ತಾಳೆಂದು. ಅವಳು ತಲೆ ಹಿಂದಕ್ಕೆ ಚೆಲ್ಲಿದಳು, ತಗಡಿನ ಮಾಡು ಝಣಗುಟ್ಟುವ ಹಾಗೆ ರಾಗ ತೆಗೆದಳು.

“ಹೆಗಲ ಮ್ಯಾಲ ಕುರಿ ಹೊತ್ತಾಂವ ಅಂದ್ರಲ್ಲೋ ನಿನ್ನ,
ನನ್ನ ಮರಿ ಎಲ್ಲಿ ಇಳಿಸಿ ಬಂದ್ಯೋ ನನ್ನಪ್ಪಾ...
ತೋಳ ಬಂದಾಗ ಕಣ್ಣ ಮುಚ್ಚತಾನೇನೋ ಕುರುಬ,
ಕಣ್ಣ ಮುಚ್ಚಿದ್ರ ಕುರುಬ ಅಂತಾರೇನೋ ನನ್ನಪ್ಪಾ...”

ರೋಹನ ಭರಮಣ್ಣನ ಕಡೆ ತಿರುಗಿದ. “ಪಾಸ್ಟರ್, ಇದೇನ್ರಿ ಇದು?”

“ಸೀಳಿದ ಹುಕ್ಕಿಗೆ ಎಣ್ಣಿ ಹಚ್ಚಿದ್ರಲ್ಲೋ ನಿನ್ನ ಹೆಸರ್ಲೆ,
ನಿನ್ನ ಕೇಳಿ ಹಚ್ಚಿದ್ರೇನೋ ನನ್ನಪ್ಪಾ...
ಹಚ್ಚಿದ ಕೈ ಭರಮಣ್ಣಂದು, ಹಚ್ಚಿಸಿದ ಕೈ ರೋಹನಂದು,
ಅದರ ಕೆಳಗ ನಿಂತಾಂವ ನನ್ನ ಭೀಮಶಿ ನನ್ನಪ್ಪಾ...”

ಪ್ರಮಿಳಾ ಎದ್ದು ಓಡಿಬಂದಳು, ಕೈ ಮುಂದೆ ಚಾಚಿಕೊಂಡೇ. ನಡುವೆ ಕೂತಿದ್ದ ಫಕೀರವ್ವ, ಅಂದು ಭೀಮಶಿಯನ್ನು ದವಾಖಾನೆಗೆ ಹೊತ್ತವಳು, ಅವಳ ಸೀರೆಯ ನಿರಿಗೆಯನ್ನೇ ಹಿಡಿದು ಜಗ್ಗಿದಳು.

“ಕುಂದರ ಪ್ರಮಿಳಾ. ಆಕಿ ಮುಗಸೂತನಕ ಯಾರೂ ಏಳೂಹಂಗಿಲ್ಲ.”

“ಇದು ದೇವರ ಮನಿ ಅವ್ವಾ!”

“ಮತ್ತ ಎಲ್ಲಿ ಹೋಗಿ ಅಳಬೇಕ ಆಕಿ? ಬಸ್‌ಸ್ಟ್ಯಾಂಡಿಗೇನ?”

ಸಿದ್ದಕ್ಕನಿಗೆ ಯಾವುದೂ ಕೇಳುತ್ತಿರಲಿಲ್ಲ. ಪದಗಳು ತಾವಾಗಿ ಬರುತ್ತಿದ್ದವು, ಮೊದಲೇ ಹೊಸೆದಿಟ್ಟದ್ದಲ್ಲ. ಮುಂದಿನ ಸಾಲು ಬಂದಾಗ ಅವಳೇ ಬೆಚ್ಚಿದಳು.

“ನಿನ್ನ ಕೈಗೂ ಕಬ್ಬಿಣ ಹೊಡದ್ರಲ್ಲೋ, ನಿನ್ನನೂ ತೂಗ ಹಾಕಿದ್ರಲ್ಲೋ,
ಅದೂ ಪ್ರಾರ್ಥನಾ ಮಾಡೂ ಮಂದಿನ ಮಾಡ್ಸಿದ್ರಲ್ಲೋ ನನ್ನಪ್ಪಾ...
ಶಿಲುಬಿ ಕೆಳಗ ನಿಂತ ನಿಮ್ಮವ್ವ ಅತ್ತಾಗ ಆಕಿ ಬಾಯಿ
ಯಾರ ಮುಚ್ಚಿದ್ರೋ, ಯಾರ ಮುಚ್ಚಿದ್ರೋ ನನ್ನಪ್ಪಾ...”

ಅಲ್ಲಿ ಅವಳ ದನಿ ಒಡೆಯಿತು. ಇಷ್ಟು ದಿನ ಹೊರಗೇ ನಿಂತಿದ್ದ ಕಣ್ಣೀರು ಕಟ್ಟೆ ಒಡೆದ ಹಾಗೆ ಬಂತು. ಆ ದಿನ ನೀ ಇದ್ದೇನ ಅಲ್ಲಿ ಎಂದು ದೇವರನ್ನು ಕೇಳಿದ್ದಳಲ್ಲ. ಇದ್ದ, ಹುಕ್ಕಿನ ಮೇಲಲ್ಲ, ಹುಕ್ಕಿನ ಕೆಳಗೆ ಇದ್ದ, ಭೀಮಶಿಯ ಮಗ್ಗುಲಿಗೆ. ಯಾರೂ ಅವಳಿಗೆ ಇದನ್ನು ಬೋಧಿಸಿರಲಿಲ್ಲ. ದನಿ ಒಡೆದ ಜಾಗದಲ್ಲಿ ಫಕೀರವ್ವ ‘ನನ್ನಪ್ಪಾ’ ಎಂದು ಎಳೆ ಹಿಡಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಗಂಡ ಸತ್ತವರು, ಕೂಸು ಕಳಕೊಂಡವರು, ನಂಬಿಕೆಗೆ ಕುಂದು ಬಂದೀತೆಂದು ವರ್ಷಗಟ್ಟಲೆ ನುಂಗಿಕೊಂಡವರು. ಚಾಪೆಯ ಆ ಅರ್ಧ ಭಾಗ ಪೂರ್ತಿ ಅತ್ತಿತು. ಭರಮಣ್ಣ ಕುರ್ಚಿಯಿಂದ ಇಳಿದು ನೆಲಕ್ಕೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ, ಅವು ತನ್ನವಲ್ಲ ಎಂಬಂತೆ.

ಮುಗಿದ ಮೇಲೆ ಸಿದ್ದಕ್ಕ ಸೆರಗು ಕೊಡವಿ ಎದ್ದಳು. ರೋಹನ ಮುಂದೆ ಬಂದ.

“ಸಿದ್ದಕ್ಕಾರ, ನಾನೂ ನಂಬಿ ಮಾಡಿದ್ದರಿ. ಖರೇ ನಂಬಿ. ದೇವರ ಚಿತ್ತ ಹಂಗಿತ್ತು.”

“ಹುಕ್ಕು ಬದಲಿ ಮಾಡೂದು ಯಾರ ಚಿತ್ತರಿ ಸಾವಕಾರ್ರ?”

ಅವನು ಮೊಬೈಲಿನವನಿಗೆ ಬಂದ್ ಮಾಡೆಂದು ಕೈ ಬೀಸಿದ.

“ನೀವು ಖರೇ ನಂಬಿದ್ರ ಎಣ್ಣಿ ಹಚ್ಚಿ ನೀವ ಅದರ ಕೆಳಗ ನಿಂದರಬೇಕಾಗಿತ್ತು. ನನ್ನ ಮಗನ್ನ ನಿಲ್ಲಿಸಿದ್ರಿ. ಈಗ ಮತ್ತೊಬ್ಬರ ಮಗನ್ನ ನಿಲ್ಲಿಸೀರಿ.”

“ಕ್ಷಮಿಸೂದು ನಮ್ಮ ಧರ್ಮ ಅಲ್ಲೇನ್ರಿ?”

“ಹೌದು. ಆಗೋ ದಿನ ಆಗ್ತೈತಿ, ದೇವರ ಮುಂದ. ಪೊಲೀಸರಿಗೆ ತೋರಿಸಾಕಲ್ಲ.”

ರೋಹನ ಹೊರಟ. ಅವನ ಹಿಂದೆ ಗಂಡಸರ ಕಡೆಯಿಂದ ಎಷ್ಟೋ ಜನ ಎದ್ದು ಹೋದರು; ಪ್ರಮಿಳಾಳೂ ಅಳುತ್ತ ಮನೆಗೆ ಹೋದಳು. “ಇನ್ನ ಮಾಡಿನ ತಗಡ ಬಿಚ್ಚಿಕೊಂಡ ಹೋಗ್ತಾರ ನೋಡ್ರಿ,” ಎಂದ ಒಬ್ಬ ಮುದುಕ. “ಒಯ್ಯಲೇಳ,” ಎಂದಳು ಫಕೀರವ್ವ ಮೂಗು ಒರೆಸಿಕೊಳ್ಳುತ್ತ. “ಮ್ಯಾಲಿನಾಂವಗ ನಾವ ಸರಿಯಾಗಿ ಕಾಣ್ತೀವಿ.”

ಆ ಸಂಜೆ ಸಿದ್ದಕ್ಕ ಮಾಯವ್ವನ ಮನೆಯಲ್ಲಿ ರೊಟ್ಟಿ ತಿಂದಳು. ಇಳಿಯಿತು. ಆಮೇಲೆ ಪ್ರಾರ್ಥನೆಗೆ ಕೂತಳು. ಅವರು ಹೇಳುವ ಸಮಾಧಾನದ ಸುಳಿವೂ ಇರಲಿಲ್ಲ, ಮಗನಿಲ್ಲದ ಮನೆ ಮಗನಿಲ್ಲದ ಮನೆಯಾಗಿಯೇ ಇತ್ತು. ಆದರೆ ಎದುರಿಗೆ ಯಾರೋ ಕೂತು, ಬೈಗುಳವನ್ನೂ ಸೇರಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆಂಬ ಧೈರ್ಯ ಮಾತ್ರ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅಷ್ಟಿದ್ದರೆ ನಾಳೆ ಎದ್ದು ನಡೆಯಬಹುದು ಅನ್ನಿಸಿತು.

ಸೋಮವಾರ ಬೆಳಿಗ್ಗೆ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಭರಮಣ್ಣ ನಿಂತಿದ್ದ. ರಾತ್ರಿಯೆಲ್ಲ ಕಣ್ಣು ಮುಚ್ಚದ ಮುಖ.

“ನಾನೂ ಬರ್ತೀನಿ ಅಕ್ಕಾ. ಆ ದಿನ ಏನಾತು ಅಂತ ನಾನ ನನ್ನ ಬಾಯಿಲೆ ಹೇಳಬೇಕು.”

ಸಿದ್ದಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಬರೂದಾದ್ರ ಬರ್ರಿ. ನನ್ನ ಬಾಜೂಕ ಮಾತ್ರ ಕುಂದರಬ್ಯಾಡ್ರಿ.”

ಬಸ್ಸಿನಲ್ಲಿ ಅವನು ಹಿಂದಿನ ಸೀಟಿಗೆ ಹೋದ. ಬೆಳಗಾವಿ ಠಾಣೆಯ ಬಾಗಿಲಲ್ಲಿ ಅಮರ ಇವರಿಗಾಗಿ ಕಾಯುತ್ತಿದ್ದ. ಒಳಗಿದ್ದ ಪೇದೆ ತಲೆ ಎತ್ತದೆ, ಸಾಹೇಬರಿಲ್ಲ, ನಾಳೆ ಬರ್ರಿ ಎಂದ.

“ನಾಳಿನೂ ಬರ್ತೀವ್ರಿ,” ಎಂದಳು ಸಿದ್ದಕ್ಕ. “ಇವತ್ತೂ ಕುಂದರ್ತೀವಿ.”

ಮೂವರೂ ಬೆಂಚಿನ ಮೇಲೆ ಕೂತರು. ಅಮರ ನಡುವೆ, ಭರಮಣ್ಣ ಆ ತುದಿಗೆ. ಪೇದೆ ಎರಡು ಸಲ ಎಬ್ಬಿಸಲು ನೋಡಿದ, ಇವರು ಏಳಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಸಾಹೇಬರು ಬಂದು, ಇವರನ್ನು ನೋಡಿ, ಕುರ್ಚಿ ಎಳೆದುಕೊಂಡು, ಬೇಸರದಿಂದ ಕೇಳಿದರು: “ಏನಬೇ ನಿಂದು?”

ಸಿದ್ದಕ್ಕ ಎದ್ದು ಮೇಜಿನ ಹತ್ತಿರ ಹೋಗಿ ನಿಂತಳು.

“ನಾ ಸಿದ್ದಕ್ಕ ರೀ, ಭೀಮಶಿ ಅವ್ವ. ನನ್ನ ಮಗಾ ಆಕಸ್ಮಿಕ ಸತ್ತಿಲ್ಲ. ಬರಕೋರಿ.”